ಕಲ್ಲುಕಂಬಗಳ ದ್ವೀಪಕ್ಕೆ ದೋಣಿಯಾನ

ಉಡುಪಿಯಲ್ಲಿ ಶ್ರೀಕೃಷ್ಣನ ದರ್ಶನ ಮುಗಿಸಿದ ಪ್ರವಾಸಿಗರು ಬಸ್ಸಿನಲ್ಲಿ ಸಮೀಪದ ಮಲ್ಪೆಗೆ ಬಂದರೆ, ಮುಂದಿನ ದಾರಿ ಕಡಲಿನದು. ಮೀನುಗಾರಿಕಾ ಬಂದರನ್ನು ಹಿಂದೆ ಬಿಟ್ಟ ದೋಣಿ ಸೇಂಟ್ ಮೇರೀಸ್ ದ್ವೀಪ ಸೇರುತ್ತದೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದನೆಂಬುದು ಪ್ರತೀತಿ.

ದ್ವೀಪದ ಕಥೆ ಅದಕ್ಕಿಂತ ಬಹು ಹಳೆಯದು. ಇಲ್ಲಿನ ಹಲವು ಮುಖಗಳ ಕಲ್ಲುಕಂಬಗಳನ್ನು ಯಾವ ಶಿಲ್ಪಿಯೂ ಕಡೆದಿಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಉಕ್ಕಿದ ಲಾವಾರಸ ತಣಿದು, ಕುಗ್ಗಿ, ಬಿರಿದು ಈ ರೂಪ ತಾಳಿತು. ಭೂಗೋಳದ ಪಾಠವನ್ನು ಮಕ್ಕಳು ಇಲ್ಲಿ ಕೈಯಿಂದ ಮುಟ್ಟಿ ನೋಡಬಹುದು.

ಆದರೆ ಎಚ್ಚರ! ಪಾಚಿಗಟ್ಟಿದ ಬಂಡೆಗಳು ಜಾರುತ್ತವೆ. 2022ರ ಏಪ್ರಿಲ್‌ನಲ್ಲಿ ಪ್ರವಾಸಕ್ಕೆ ಬಂದಿದ್ದ ಮೂವರು ವಿದ್ಯಾರ್ಥಿಗಳು ಇಲ್ಲಿ ಸಮುದ್ರಪಾಲಾದರು. ಮಳೆಗಾಲದಲ್ಲಂತೂ ದೋಣಿಯೇ ಹೊರಡುವುದಿಲ್ಲ. ನೋಡುವ ಆಸೆಯಷ್ಟೇ ಕಡಲಿನ ಭಯವೂ ಜೊತೆಗಿರಲಿ.