ಪೀಣ್ಯದ ಸುರಕುಂಬಾ, ಎಲೆಕ್ಟ್ರಾನಿಕ್ ಸಿಟಿಯ ಪತ್ತಿರ್

ಬೆಂಗಳೂರಿನ ಬಗ್ಗೆ ನಮ್ಮ ಊರುಗಳಲ್ಲಿ ಎರಡು ಮಾತು ಚಾಲ್ತಿಯಲ್ಲಿವೆ. ಅಲ್ಲಿ ದುಡ್ಡಿದೆ, ಹಬ್ಬವಿಲ್ಲ ಎಂಬುದು ಒಂದು. ಅಲ್ಲಿ ತಿನ್ನಲು ಎಲ್ಲವೂ ಸಿಗುತ್ತದೆ, ಮನೆಯಡುಗೆ ಮಾತ್ರ ಸಿಗುವುದಿಲ್ಲ ಎಂಬುದು ಇನ್ನೊಂದು. ಮಕ್ಕಳನ್ನು ಕೆಲಸಕ್ಕೆ ಕಳಿಸಿದ ತಾಯಂದಿರು ಈದ್ ಹತ್ತಿರ ಬಂದಾಗಲೆಲ್ಲ ಹೀಗೆ ಹೇಳಿ ನಿಟ್ಟುಸಿರು ಬಿಡುತ್ತಾರೆ. 2025ರ ರಮಝಾನ್ ಕೊನೆಯ ದಿನಗಳಲ್ಲಿ, ಮದ್ರಸಕ್ಕೆ ರಜೆ ಇದ್ದುದರಿಂದ, ನಾನು ಬೆಂಗಳೂರಿಗೆ ಹೋಗಿ ನಗರದ ಮೂರು ಅಂಚುಗಳಲ್ಲಿ ಬಂಧುಗಳ, ಗೆಳತಿಯ ಮನೆಗಳಲ್ಲಿ ಉಳಿದೆ. ಮಾಲ್ ನೋಡಲಿಲ್ಲ, ಉದ್ಯಾನವನ ನೋಡಲಿಲ್ಲ. ನೋಡಿದ್ದು ಅಡುಗೆಮನೆಗಳನ್ನು. ಊರಿನ ಆ ಎರಡು ಮಾತುಗಳೂ ಪೂರ್ತಿ ನಿಜವಲ್ಲವೆಂದು ಅಲ್ಲಿ ತಿಳಿಯಿತು.

ಮೊದಲು ಪೀಣ್ಯ. 1970ರ ದಶಕದ ಕೊನೆಯಲ್ಲಿ ರೂಪುಗೊಂಡ ಈ ಕೈಗಾರಿಕಾ ಪ್ರದೇಶದಲ್ಲಿ ಸಾವಿರಾರು ಸಣ್ಣ ಕಾರ್ಖಾನೆಗಳಿವೆ. ಯಂತ್ರದ ಬಿಡಿಭಾಗ ಮಾಡುವವು, ಲೋಹಕ್ಕೆ ಲೇಪ ಕೊಡುವವು, ಸಿದ್ಧ ಉಡುಪು ಹೊಲಿಯುವವು. ಬೆಳಿಗ್ಗೆ ಎಂಟರ ಹೊತ್ತಿಗೆ ಗಾರ್ಮೆಂಟ್ಸ್ ಕಡೆಗೆ ಹೆಜ್ಜೆ ಹಾಕುವ ಹೆಂಗಸರ ಸಾಲು ಕಂಡರೆ, ಈ ನಗರ ಯಾರ ಬೆನ್ನ ಮೇಲೆ ನಿಂತಿದೆ ಎಂದು ಯಾರೂ ಬಿಡಿಸಿ ಹೇಳಬೇಕಿಲ್ಲ. ಪೀಣ್ಯದಲ್ಲಿ ದುಡಿಯುವ ಬಹಳ ಮಂದಿ ಹೆಗ್ಗನಹಳ್ಳಿ, ಲಗ್ಗೆರೆ, ದಾಸರಹಳ್ಳಿಗಳ ಬಾಡಿಗೆ ಮನೆಗಳಲ್ಲಿ ಇದ್ದಾರೆ. ನನ್ನ ಚಿಕ್ಕಮ್ಮನ ಮಗನ ಮನೆಯೂ ಹೆಗ್ಗನಹಳ್ಳಿಯಲ್ಲೇ. ಮೂರು ಅಂತಸ್ತಿನ ಕಟ್ಟಡ, ಅಂತಸ್ತಿಗೆ ನಾಲ್ಕು ಮನೆ. ಕೆಳಗೆ ಮಂಡ್ಯ ಕಡೆಯ ಒಂದು ಸಂಸಾರ, ಎದುರು ಮನೆಯಲ್ಲಿ ಕಲಬುರಗಿಯಿಂದ ಬಂದ ನಮ್ಮ ಸಮುದಾಯದ ಒಬ್ಬ ಸಹೋದರಿ. ಕೆಳಗಿನ ಮನೆಯಾಕೆ, ಎದುರು ಮನೆಯಾಕೆ ಇಬ್ಬರೂ ಒಂದೇ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸಕ್ಕೆ ಹೋಗುವವರು.

ಆ ವರ್ಷ ಒಂದು ವಿಶೇಷವಿತ್ತು. ಮಾರ್ಚ್ 30ರ ಭಾನುವಾರ ಯುಗಾದಿ. ನಮಗೆ ಅಂದು ಇಪ್ಪತ್ತೊಂಬತ್ತನೆಯ ಉಪವಾಸ. ಮಧ್ಯಾಹ್ನವೇ ಕೆಳಗಿನಿಂದ ಬೇಳೆ ಒಬ್ಬಟ್ಟಿನ ಘಮ ಮೆಟ್ಟಿಲು ಹತ್ತಿ ಬರುತ್ತಿತ್ತು. ಆದರೆ ಒಬ್ಬಟ್ಟು ಬಂದದ್ದು ಸಂಜೆ, ಮಗ್ರಿಬ್‌ಗೆ ಐದು ನಿಮಿಷ ಇರುವಾಗ. “ಬೇಕೂಂತಲೇ ಈಗ ತಂದೆ ಕಣಕ್ಕ, ಮೊದ್ಲೇ ಕೊಟ್ರೆ ನೀವು ನೋಡ್ಕೊಂಡು ಕೂತ್ಕೋಬೇಕಲ್ಲ” ಎಂದರು ಆ ತಾಯಿ. ಖರ್ಜೂರದಿಂದ ಉಪವಾಸ ಬಿಟ್ಟು, ನೀರು ಕುಡಿದು, ನಂತರ ನಾವು ತಿಂದದ್ದು ತುಪ್ಪ ಸವರಿದ ಒಬ್ಬಟ್ಟನ್ನು. ಅಷ್ಟರಲ್ಲಿ ಮಹಡಿಯ ಮೇಲಿಂದ ಮಕ್ಕಳ ಕೂಗು ಕೇಳಿತು. ಚಂದ್ರದರ್ಶನದ ಸುದ್ದಿ ಬಂದಿತ್ತು. ಮರುದಿನವೇ ಈದ್. ಯುಗಾದಿಯ ಮರುದಿನ ಹಳೆ ಮೈಸೂರು ಕಡೆಯವರಿಗೆ ಹೊಸತೊಡಕು, ಅಂದರೆ ಮಾಂಸದಡುಗೆಯ ದಿನ. ಹೀಗಾಗಿ ಸೋಮವಾರ ನಸುಕಿನಲ್ಲೇ ಮಟನ್ ಅಂಗಡಿಯ ಮುಂದಿನ ಸಾಲಿನಲ್ಲಿ ನನ್ನ ತಮ್ಮನೂ ಕೆಳಗಿನ ಮನೆಯ ಯಜಮಾನರೂ ಒಬ್ಬರ ಹಿಂದೆ ಒಬ್ಬರು ನಿಂತಿದ್ದರು!

ಇನ್ನು ಎದುರು ಮನೆಯ ಸುರಕುಂಬಾದ ಮಾತು. ನಾವು ಶೀರ್ ಖುರ್ಮಾ ಎನ್ನುವುದನ್ನು ಉತ್ತರ ಕರ್ನಾಟಕದವರು ಸುರಕುಂಬಾ ಎನ್ನುತ್ತಾರೆ. ಕುಡಿಯಲು ಎರಡು ನಿಮಿಷ ಸಾಕು. ಮಾಡಲು? ಉತ್ತತ್ತಿಯನ್ನು ಹಿಂದಿನ ದಿನವೇ ನೆನೆ ಹಾಕಬೇಕು, ಬೀಜ ತೆಗೆದು ಕಡ್ಡಿಯಂತೆ ಸಣ್ಣಗೆ ಸೀಳಬೇಕು. ಬಾದಾಮಿಯ ಸಿಪ್ಪೆ ಬಿಡಿಸಬೇಕು. ಕೊಬ್ಬರಿ ತುರಿಯಬೇಕು, ಗಸಗಸೆ ಹುರಿಯಬೇಕು. ಚಾರೋಳಿ ಆರಿಸಬೇಕು. ಹಾಲು ಅರ್ಧಕ್ಕೆ ಇಳಿಯುವವರೆಗೆ ತಳ ಹಿಡಿಯದಂತೆ ಕೈಯಾಡಿಸುತ್ತಲೇ ಇರಬೇಕು. ಶಾವಿಗೆಯನ್ನು ಊರಿನಿಂದ ಅತ್ತೆ ಕಳಿಸಿದ್ದರಂತೆ. ಬೇಸಿಗೆಯಲ್ಲಿ ಓಣಿಯ ಹೆಂಗಸರೆಲ್ಲ ಸೇರಿ ಹೊಸೆದು, ಬಿಸಿಲಿಗೆ ಒಣಗಿಸಿದ ಶಾವಿಗೆ ಅದು. ಆ ಸಹೋದರಿ ಶನಿವಾರ ಸಂಜೆಯವರೆಗೆ ಹೊಲಿಗೆ ಯಂತ್ರದ ಮುಂದೆ ಕುಳಿತು ಬಂದವಳು. ಈದ್‌ಗೆ ಸಿಗುವುದು ಒಂದೇ ದಿನದ ರಜೆ. ಕಾರ್ಖಾನೆಗಳು ಹಬ್ಬದ ರಜೆ ಕೊಡಬೇಕೆಂದು ನಮ್ಮ ರಾಜ್ಯದಲ್ಲಿ 1963ರಲ್ಲೇ ಕಾನೂನು ಬಂದಿದೆ ನಿಜ. ಆದರೆ ಉತ್ತತ್ತಿ ಸೀಳುವ ರಾತ್ರಿಗೆ ಯಾವ ಕಾನೂನೂ ರಜೆ ಕೊಡುವುದಿಲ್ಲ. ಚಾಂದ್ ರಾತ್ ಪೂರ್ತಿ ಅವರ ಮನೆಯ ದೀಪ ಉರಿಯುತ್ತಿತ್ತು.

ಈದ್ ದಿನ ಸಂಜೆ ಮೆಟ್ಟಿಲ ಮೇಲೆ ಕುಳಿತು ಮಾತಾಡುವಾಗ ಆಕೆ ಹೇಳಿದ್ದನ್ನು ನಾನು ಮರೆಯಲಾರೆ.

“ಇಡೀ ಬಿಲ್ಡಿಂಗಿಗೆ ಸುರಕುಂಬಾ ಕೊಟ್ಟೀನ್ರೀ ಆಪಾ. ಎಲ್ಲಾರೂ ಕುಡದ್ರು. ಮನ್ಯಾಗ ಇವ್ರು ಅಂದ್ರು, ಈ ಸಲ ಸಕ್ರಿ ಜಾಸ್ತಿ ಆಗ್ಯಾದ ಅಂತ. ಕೆಳಗಿನ ಮನಿ ಅಕ್ಕ ಒಬ್ಬಾಕಿನೇ ಬಂದು, ರಾತ್ರಿಯೆಲ್ಲಾ ನಿದ್ದಿಗೆಟ್ಟಿಯಲ್ಲ, ನಿಂದು ಊಟ ಆತೇನು ಅಂತ ಕೇಳಿದ್ಳು. ನನಗ ಅಷ್ಟ ಸಾಕಾತ್ರೀ.”

ಆಗ ಗಂಟೆ ನಾಲ್ಕು. ಆಕೆಯ ಊಟ ಆಗಿರಲಿಲ್ಲ.

ಎರಡು ದಿನ ಕಳೆದು ನಾನು ಮೆಟ್ರೋದಲ್ಲಿ ವೈಟ್‌ಫೀಲ್ಡ್‌ಗೆ ಹೊರಟೆ. ಪೀಣ್ಯಕ್ಕೆ 2014ರಲ್ಲೇ ಮೆಟ್ರೋ ಬಂದಿತ್ತು. ವೈಟ್‌ಫೀಲ್ಡ್‌ನ ಕಾಡುಗೋಡಿವರೆಗೆ ತಡೆಯಿಲ್ಲದ ದಾರಿಯಾದದ್ದು 2023ರ ಅಕ್ಟೋಬರ್‌ನಲ್ಲಿ. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗದಿಂದ ನೇರಳೆ ಮಾರ್ಗಕ್ಕೆ ಬದಲಾಯಿಸಿದರೆ ನಗರದ ಒಂದು ತುದಿಯಿಂದ ಇನ್ನೊಂದು ತುದಿ ಮುಟ್ಟಬಹುದು. ಇಂದು ಗಾಜಿನ ಕಟ್ಟಡಗಳಿಗೆ ಹೆಸರಾದ ವೈಟ್‌ಫೀಲ್ಡ್ ಹುಟ್ಟಿದ್ದು 1882ರಲ್ಲಿ, ಮೈಸೂರು ಮಹಾರಾಜರು ಕೊಟ್ಟ ಜಮೀನಿನಲ್ಲಿ, ಆಂಗ್ಲೋ ಇಂಡಿಯನ್ ಸಂಸಾರಗಳ ಬೇಸಾಯದ ಊರಾಗಿ. ಅದಕ್ಕೆ ಕಾರಣರಾದ ಡೇವಿಡ್ ವೈಟ್ ಅವರ ಹೆಸರೇ ಊರಿಗೂ ಬಂತು. ಬಿ.ಎ.ಯಲ್ಲಿ ನನ್ನ ಸಹಪಾಠಿಯಾಗಿದ್ದ ಗೆಳತಿ ಈಗ ಅಲ್ಲಿ ಶಿಕ್ಷಕಿ. ಹಳೆಯ ಕ್ರೈಸ್ತ ಮನೆಗಳಲ್ಲಿ ಡಿಸೆಂಬರ್ ಬಂತೆಂದರೆ ಕೇಕು, ಕುಲ್‌ಕುಲ್, ಅಚ್ಚಿನಲ್ಲಿ ಅದ್ದಿ ಕರಿಯುವ ಹೂವಿನಾಕಾರದ ರೋಸ್ ಕುಕ್ಕೀಸ್ ತಯಾರಾಗುತ್ತವೆ ಎಂದು ಅವಳು ಹೇಳಿದಳು. ನಮ್ಮ ಕರಾವಳಿಯ ಅಡುಗೆಮನೆಗೂ ಆ ಅಚ್ಚು ಹೊಸದಲ್ಲ. ಹಬ್ಬ ಯಾರದ್ದೇ ಇರಲಿ, ಬಾಣಲೆಯ ಮುಂದೆ ನಿಂತು ಬೆವರುವವಳು ಮನೆಯ ಹೆಣ್ಣುಮಗಳೇ.

ಗೆಳತಿಯ ಜೊತೆ ಒಂದು ಸಂಜೆ ತೂಬರಹಳ್ಳಿ ಕಡೆಗೆ ಹೋಗಿದ್ದೆ. ಅಲ್ಲಿ ತಗಡಿನ ಶೆಡ್ಡುಗಳಲ್ಲಿ ಪಶ್ಚಿಮ ಬಂಗಾಳದಿಂದ ಬಂದ ಬಡ ಕುಟುಂಬಗಳಿವೆ. ಗಂಡಸರು ಕಸ ಆಯ್ದು ಬೇರ್ಪಡಿಸುವ ಕೆಲಸ ಮಾಡುತ್ತಾರೆ, ಹೆಂಗಸರು ಸುತ್ತಲ ಅಪಾರ್ಟ್‌ಮೆಂಟ್‌ಗಳಲ್ಲಿ ಮನೆಗೆಲಸ, ಅಡುಗೆ ಕೆಲಸ ಮಾಡುತ್ತಾರೆ. ಗೆಳತಿಗೆ ಪರಿಚಯವಿದ್ದ ಒಬ್ಬಾಕೆ ಈದ್ ದಿನ ಬೆಳಿಗ್ಗೆ ಮೂರು ಮನೆಗಳಲ್ಲಿ ತಿಂಡಿ ಮಾಡಿಟ್ಟು, ಹನ್ನೊಂದಕ್ಕೆ ತನ್ನ ಶೆಡ್ಡಿಗೆ ಮರಳಿ, ಮಕ್ಕಳಿಗೆ ಶೇಮಾಯ್ ಮಾಡಿದಳಂತೆ. ಅದೂ ಶಾವಿಗೆಯದ್ದೇ ಸಿಹಿ. ಬಾದಾಮಿ ಇಲ್ಲ, ಚಾರೋಳಿ ಇಲ್ಲ. ಹಾಲು, ಸಕ್ಕರೆ, ಎರಡು ಏಲಕ್ಕಿ. ನಾವು ಹೋದಾಗ ನಮಗೂ ಸ್ಟೀಲ್ ಲೋಟದಲ್ಲಿ ಕೊಟ್ಟಳು. ಮೂರು ಮನೆಗಳಲ್ಲಿ ಒಂದು ಮನೆಯವರು ಆಕೆಗೆ ಹಬ್ಬದ ರಜೆಯನ್ನೂ ಸೀರೆಯನ್ನೂ ಕೊಡಲು ಬಂದಿದ್ದರು. ಸೀರೆ ಪಡೆದಳು, ರಜೆ ಬೇಡವೆಂದಳು. “ನಾನು ಹೋಗದಿದ್ದರೆ ಆ ಮನೆಯ ಅಜ್ಜಿ ಉಪವಾಸ ಇರಬೇಕಾಗುತ್ತದೆ” ಎಂದಳು ತನ್ನ ಹರುಕು ಹಿಂದಿಯಲ್ಲಿ. ಕೃತಜ್ಞತೆ ಕೇವಲ ಕೆಳಗಿನಿಂದ ಮೇಲಕ್ಕೆ ಹೋಗುವಂಥದ್ದಲ್ಲ, ಎರಡೂ ಕಡೆಯಿಂದ ಹರಿಯಬೇಕಾದದ್ದು ಎಂಬುದು ಆ ಶೆಡ್ಡಿನಲ್ಲಿ ನನಗೆ ಇನ್ನಷ್ಟು ಸ್ಪಷ್ಟವಾಯಿತು.

ಕೊನೆಯ ಮೂರು ದಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿ, ತಂಗಿಯ ಮಗಳ ಮನೆಯಲ್ಲಿ. ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ಹೊಲಗಳಿದ್ದ ಜಾಗದಲ್ಲಿ ಕಿಯೋನಿಕ್ಸ್ ಸಂಸ್ಥೆ 1970ರ ದಶಕದ ಕೊನೆಯಲ್ಲಿ ಕಟ್ಟಲು ತೊಡಗಿದ ನಗರವಿದು. ನಾನು ಹೋದದ್ದು ಬಸ್ಸಿನಲ್ಲಿ, 2010ರಲ್ಲಿ ತೆರೆದ ಸುಮಾರು ಹತ್ತು ಕಿಲೋಮೀಟರ್ ಉದ್ದದ ಮೇಲ್ಸೇತುವೆಯ ಮೇಲೆ. ಹಳದಿ ಮಾರ್ಗದ ಮೆಟ್ರೋ ಶುರುವಾದದ್ದು ಅದೇ ವರ್ಷದ ಆಗಸ್ಟ್‌ನಲ್ಲಿ. ಮಗಳು, ಅಳಿಯ ಇಬ್ಬರೂ ಕಂಪೆನಿ ಉದ್ಯೋಗಿಗಳು. ವಾರದಲ್ಲಿ ನಾಲ್ಕು ದಿನ ಊಟ ಮೊಬೈಲಿನಲ್ಲಿ ತರಿಸುವುದು. ಇದನ್ನು ಕಂಡು ಮೂಗು ಮುರಿಯುವವರು ನಮ್ಮಲ್ಲಿ ಬಹಳ. ಇಬ್ಬರೂ ರಾತ್ರಿ ಒಂಬತ್ತಕ್ಕೆ ಮನೆ ಸೇರುವಾಗ ಹೊರಗಿನಿಂದ ತರಿಸಿ ತಿಂದರೆ ಅದರಲ್ಲಿ ತಪ್ಪೇನೂ ನನಗೆ ಕಾಣುವುದಿಲ್ಲ. ಆದರೆ ಹಾಗೆ ಬಂದ ಅನ್ನವನ್ನು ಯಾರ ಕೈ ಬೇಯಿಸಿತೋ ನಮಗೆ ಗೊತ್ತಾಗುವುದಿಲ್ಲ. ಬಿಲ್ ಪಾವತಿಯಾದೊಡನೆ ಋಣ ತೀರಿತು ಎನಿಸಿಬಿಡುತ್ತದೆ. ಆ ಮನೆಯಲ್ಲಿ ಹಾಗೆ ಆಗಿರಲಿಲ್ಲ. ರಮಝಾನಿನಲ್ಲಿ ಮಗ್ರಿಬ್ ಹೊತ್ತಿಗೆ ಊಟ ತರುವ ಹುಡುಗರಿಗಾಗಿ ಬಾಗಿಲ ಬಳಿ ಖರ್ಜೂರದ ಡಬ್ಬಿ, ನೀರಿನ ಬಾಟಲಿ ಇಟ್ಟಿದ್ದರಂತೆ. ಅವರಲ್ಲಿ ಎಷ್ಟೋ ಹುಡುಗರು ರಸ್ತೆಯಲ್ಲೇ ಉಪವಾಸ ಬಿಡುವವರು.

ಈದ್‌ಗೆ ಮಾತ್ರ ಮಗಳು ಪತ್ತಿರ್ ಮಾಡಿಯೇ ಮಾಡುತ್ತಾಳೆ. ಅದಕ್ಕೊಂದು ಕಾರಣವಿದೆ. 2024ರಲ್ಲಿ ನಮ್ಮ ಕರಾವಳಿಯಲ್ಲಿ ಏಪ್ರಿಲ್ 10ಕ್ಕೆ ಈದ್ ಆಯಿತು, ಬೆಂಗಳೂರಿನಲ್ಲಿ 11ಕ್ಕೆ. ಊರಲ್ಲಿ ಎಲ್ಲರೂ ಹಬ್ಬದೂಟ ಮಾಡುವಾಗ ಇವಳಿಗಿಲ್ಲಿ ಕೊನೆಯ ಉಪವಾಸ. ತಾಯಿ ಫೋನ್ ಮಾಡಿ, “ನಿನ್ನ ಪಾಲಿನ ಪತ್ತಿರ್ ಎತ್ತಿಟ್ಟಿದ್ದೇನೆ” ಎಂದಳಂತೆ. ಮುನ್ನೂರೈವತ್ತು ಕಿಲೋಮೀಟರ್ ಆಚೆ ಇರುವ ಮಗಳಿಗೆ ಎತ್ತಿಟ್ಟ ಪಾಲು! ಅಂದೇ ಅವಳು ವೀಡಿಯೋ ಕರೆಯಲ್ಲಿ ತಾಯಿಯ ಮುಂದೆ ಕುಳಿತು ಪತ್ತಿರ್ ಕಲಿತಳು. ಕುದಿಯುವ ನೀರಿಗೆ ಅಕ್ಕಿಹಿಟ್ಟು ಹಾಕಿ, ಬಿಸಿ ಆರುವ ಮೊದಲೇ ನಾದಬೇಕು. ಕೈ ಸುಡುತ್ತದೆ. ಆರಿಸಿದರೆ ಲಟ್ಟಿಸುವಾಗ ಅಂಚು ಒಡೆಯುತ್ತದೆ. “ಇಪ್ಪತ್ತಾರು ವರ್ಷ ತಿಂದಿದ್ದೆ. ಉಮ್ಮನ ಕೈ ಸುಡುತ್ತಿತ್ತು ಎಂದು ನನ್ನ ಕೈ ಸುಟ್ಟಾಗಲೇ ತಿಳಿದದ್ದು” ಎಂದಳು. ಈಗ ಹಿಟ್ಟು ನಾದುವುದು ಅಳಿಯನ ಕೆಲಸ, ಲಟ್ಟಿಸುವುದು ಅವಳದು. ಮೊದಲ ಪತ್ತಿರ್ ಕಾವಲಿಯಿಂದ ಇಳಿದೊಡನೆ ಇಬ್ಬರೂ ಊರಿಗೆ ಫೋನ್ ಮಾಡುತ್ತಾರೆ.

ಸಹೋದರಿಯರೇ, ಮನೆಯವರೊಂದಿಗೆ ಬಹಳ ಒಳ್ಳೆಯವರಾಗಿದ್ದ ನಮ್ಮ ಪ್ರವಾದಿ(ಸ)ಯವರು ಮನೆಗೆಲಸದಲ್ಲಿ ಕೈ ಜೋಡಿಸುತ್ತಿದ್ದರು, ಅಡುಗೆಯಲ್ಲಿ ಎಂದೂ ಕೊರತೆ ಎತ್ತಿ ಆಡುತ್ತಿರಲಿಲ್ಲ, ಸಾರಿಗೆ ಒಂದಿಷ್ಟು ನೀರು ಹೆಚ್ಚು ಹಾಕಿಯಾದರೂ ನೆರೆಯವರಿಗೆ ಕೊಡಲು ಕಲಿಸಿದರು. ಮನುಷ್ಯರ ಉಪಕಾರ ನೆನೆಯದೆ ಅಲ್ಲಾಹನ ಶುಕ್ರ್ ಪೂರ್ಣವಾಗದು ಎಂಬುದೂ ಅವರದೇ ಬೋಧನೆಯ ಸಾರ. ನಾವು ಇದನ್ನು ಮದ್ರಸದಲ್ಲಿ ಮಕ್ಕಳಿಗೆ ಕಲಿಸುತ್ತೇವೆ, ಮಕ್ಕಳು ತಪ್ಪಿಲ್ಲದೆ ಒಪ್ಪಿಸುತ್ತಾರೆ. ಅದೇ ಮಕ್ಕಳು ಈದ್ ದಿನ ತಾಯಿ ಉಂಡಳೇ ಎಂದು ಕೇಳುತ್ತಾರೆಯೇ? ಇದನ್ನು ಕಲಿಸಬೇಕಾದ ಜಾಗ ಊಟದ ಸುಫ್ರಾ.

ಇದಕ್ಕೆ ಹೆಚ್ಚಿನ ಖರ್ಚಿಲ್ಲ. ಚಾಂದ್ ರಾತ್‌ನಲ್ಲಿ ಉತ್ತತ್ತಿ ಸೀಳುವ ಕೆಲಸಕ್ಕೆ ಗಂಡುಮಕ್ಕಳನ್ನೂ ಕೂರಿಸೋಣ. ಬೇಯಿಸಿದವಳ ತಟ್ಟೆಯನ್ನು ಬಡಿಸುವ ಮೊದಲೇ ಎತ್ತಿಡೋಣ. ತಾಯಿಯ ಕೈಯಡುಗೆಯನ್ನು ಅವಳು ಇರುವಾಗಲೇ ಅವಳ ಬಳಿ ಕುಳಿತು ಕಲಿಯೋಣ. ಮನೆಗೆಲಸದವಳಿಗೆ ಹಬ್ಬ ಯಾವುದೆಂದು ಕೇಳಿ ತಿಳಿದು ಅಂದಿನ ರಜೆಯನ್ನು ನಾವಾಗಿಯೇ ಕೊಡೋಣ. ಬೀದಿಯ ಕೊನೆಯ ಕೋಣೆಯಲ್ಲಿ ಊರು ಬಿಟ್ಟು ಬಂದ ಕಾರ್ಮಿಕ ಹುಡುಗರಿದ್ದರೆ ಅವರಿಗೊಂದು ಡಬ್ಬಿ ಕಳಿಸೋಣ. ಮತ್ತೆ, ಯಾರದೇ ಮನೆಯ ಸುರಕುಂಬಾ ನಮ್ಮ ಕೈಗೆ ಬಂದಾಗ, ಸಕ್ಕರೆ ಹೆಚ್ಚೋ ಕಡಿಮೆಯೋ ಎಂದು ಹೇಳುವ ಮೊದಲು, “ನಿಮ್ಮ ಊಟ ಆಯಿತೇ?” ಎಂದು ಕೇಳೋಣ.