ಮೂಕ ಪೆಟ್ಟು

ಮರಾಠಿಯಲ್ಲಿ ‘ಮುಕಾ ಮಾರ್’ ಎಂಬ ಮಾತುಂಟು. ಚರ್ಮ ಹರಿಯದ, ರಕ್ತ ಕಾಣಿಸದ ಪೆಟ್ಟಿಗೆ ಆ ಹೆಸರು. ಕನ್ನಡದಲ್ಲಿ ಅದನ್ನು ಒಳಪೆಟ್ಟು ಎನ್ನುತ್ತೇವೆ. ಎರಡೂ ಭಾಷೆಗಳ ಶಾಲೆಯಲ್ಲಿ ಕಲಿತ ನನಗೆ ಈ ಒಂದು ವಿಷಯದಲ್ಲಿ ಮರಾಠಿಯ ಪದವೇ ಹೆಚ್ಚು ನಿಜವೆನಿಸುತ್ತದೆ. ನಮ್ಮ ಪದ ಗಾಯದ ಸ್ಥಳವನ್ನು ಹೇಳುತ್ತದೆ; ಅವರದು ಗಾಯದ ಸ್ವಭಾವವನ್ನು. ತಲೆಗೆ ಬಿದ್ದ ಪೆಟ್ಟು ಎಷ್ಟೋ ಸಲ ಮೊದಲ ಕೆಲವು ತಾಸು ಬಾಯಿಯನ್ನೇ ಬಿಡುವುದಿಲ್ಲ.

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಅಕ್ಕಲಕೋಟೆಯ ದಾರಿಯಲ್ಲಿ, ದೀಪವಿಲ್ಲದೆ ನಿಂತಿದ್ದ ಕಬ್ಬಿನ ಟ್ರಾಲಿಯನ್ನು ತಪ್ಪಿಸಹೋಗಿ ಬೈಕಿನಿಂದ ಬಿದ್ದ. ಹೆಲ್ಮೆಟ್ ಜೊತೆಯಲ್ಲೇ ಇತ್ತು, ಮೊಣಕೈಗೆ ಸಿಕ್ಕಿಸಿಕೊಂಡಿದ್ದ. (ಮೊಣಕೈಗೆ ಏನೂ ಆಗಲಿಲ್ಲ.) ಎದ್ದು ಬಟ್ಟೆ ಝಾಡಿಸಿ, ಚಹಾ ಕುಡಿದು, ಕೇಳಿದವರಿಗೆ ಹೆಸರು ಊರು ಹೇಳಿ ಮನೆ ಸೇರಿದ. ರಾತ್ರಿ ತಲೆನೋವು ಏರಿತು, ಎರಡು ಸಲ ವಾಂತಿಯಾಯಿತು, ಮಾತು ತೊದಲಿತು. ಮಲಗಲಿ, ಬೆಳಿಗ್ಗೆ ನೋಡೋಣ ಎಂದರು ಹಿರಿಯರು. ತಾಯಿ ಮಾತ್ರ ಬ್ಯಾಟರಿ ಹಿಡಿದು ಅವನ ಕಣ್ಣು ನೋಡಿದಳು. ಒಂದು ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿತ್ತು. “ಕಣ್ಣು ಸರಿ ಇಲ್ಲ, ಗಾಡಿ ತರ್ರಿ” ಎಂದಳಂತೆ. ಸೊಲ್ಲಾಪುರದಲ್ಲಿ ಸ್ಕ್ಯಾನ್ ಮಾಡಿದಾಗ ತಲೆಬುರುಡೆಗೂ ಮಿದುಳಿನ ಹೊದಿಕೆಗೂ ನಡುವೆ ರಕ್ತ ಹೆಪ್ಪುಗಟ್ಟಿದ್ದು ತಿಳಿಯಿತು. ಶಸ್ತ್ರಚಿಕಿತ್ಸೆ ಅದೇ ಇರುಳು ನಡೆಯಿತು. ಬುರುಡೆ ಹಿಗ್ಗುವಂಥದ್ದಲ್ಲ, ಒಳಗೆ ರಕ್ತ ಕೂಡುತ್ತ ಹೋದಂತೆ ಜಾಗ ಬಿಟ್ಟುಕೊಡಬೇಕಾದದ್ದು ಮಿದುಳೇ. ನಡುವಿನ ಆ ಚಹಾ ಕುಡಿಯುವ ಹೊತ್ತು ಎಲ್ಲರನ್ನೂ ನಂಬಿಸಿಬಿಡುತ್ತದೆ.

ಅವನು ಬದುಕಿದ. ಆದರೆ ಪೆಟ್ಟು ಎಡಭಾಗದ್ದು. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಬ್ರೋಕಾ ಮಾತಿನ ನೆಲೆಯನ್ನು ಮಿದುಳಿನ ಎಡಮುಂಭಾಗದಲ್ಲಿ ಗುರುತಿಸಿದ್ದನ್ನು ಭಾಷಾವಿಜ್ಞಾನದ ತರಗತಿಯಲ್ಲಿ ನೀವು ಕೇಳಿದ್ದೀರಿ. ಹಲವು ತಿಂಗಳು ಇವನಿಗೆ ನಾಮಪದಗಳು ಸಿಗುತ್ತಿರಲಿಲ್ಲ. ಕೀಲಿಯನ್ನು ತೋರಿಸಿದರೆ “ಬಾಗಿಲಾ ತಗಿಯೂದು” ಎಂದು ಹೇಳಿ ಸುಮ್ಮನಾಗುತ್ತಿದ್ದ. ವ್ಯಾಕರಣವೆಂದರೆ ಪರೀಕ್ಷೆಯ ವಿಷಯವೆಂದುಕೊಂಡವರು ಒಮ್ಮೆ ಅವನೆದುರು ಕುಳಿತಿರಬೇಕಿತ್ತು.

ಆದ್ದರಿಂದ, ಬಿದ್ದವನು ‘ಏನೂ ಆಗಿಲ್ಲ’ ಎಂದರೂ ಒಂದು ಹಗಲು ಒಂದು ರಾತ್ರಿ ಅವನನ್ನು ಒಂಟಿಯಾಗಿ ಬಿಡಬೇಡಿ. ಹೆಚ್ಚುವ ತಲೆನೋವು, ಮರುಮರುಳಿಸುವ ವಾಂತಿ, ಎಬ್ಬಿಸಿದರೂ ಏಳದ ಮಂಪರು, ಸೆಳೆತ, ಕಿವಿ ಮೂಗಿನಿಂದ ತಿಳಿನೀರು, ಇವುಗಳಲ್ಲಿ ಯಾವುದು ಕಂಡರೂ 108ಕ್ಕೆ ಕರೆ ಮಾಡಿ. ಎಚ್ಚರ ತಪ್ಪಿದವನಿಗೆ ನೀರು ಕುಡಿಸುವುದು, ಈರುಳ್ಳಿ ಮೂಸಿಸುವುದು, ಕೈಕಾಲು ಹಿಡಿದು ಎತ್ತಿ ಜೀಪಿಗೆ ಹಾಕುವುದು ನಮ್ಮ ಕಡೆಯ ಹಳೆಯ ಉಪಕಾರಗಳು. ಕುತ್ತಿಗೆಯ ಮೂಳೆಗೂ ಪೆಟ್ಟಾಗಿದ್ದರೆ ಆ ಎತ್ತಾಟವೇ ಸಾಕು. ಪೊಲೀಸರ ಭಯ ಬೇಡ. ಸದುದ್ದೇಶದಿಂದ ನೆರವಾದವರಿಗೆ 2019ರ ಮೋಟಾರು ವಾಹನ ತಿದ್ದುಪಡಿ ರಕ್ಷಣೆ ನೀಡಿದೆ.

ಹೆಲ್ಮೆಟ್ಟಿನ ಒಳಗಿನ ಥರ್ಮಾಕೋಲಿನಂಥ ಪದರು ತಾನು ಕುಸಿದು ಪೆಟ್ಟಿನ ಬಿರುಸನ್ನು ಹೀರುತ್ತದೆ. ಆ ಕುಸಿತ ಒಮ್ಮೆ ಮಾತ್ರ. ಬಲವಾಗಿ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಹೊಸದರಂತೆ ಕಂಡರೂ ಬದಲಿಸಬೇಕು. ಐಎಸ್‌ಐ ಗುರುತು ನೋಡಿ ಕೊಳ್ಳಿ, ಗಲ್ಲದ ಪಟ್ಟಿ ಬಿಗಿಯಿರಿ. ಹಿಂದೆ ಕೂತವರಿಗೂ ಕಾನೂನು ಒಂದೇ.

ವಿಭಾಗದ ಬಾಗಿಲ ಪಕ್ಕ 20 ಕೊಕ್ಕೆ ಹೊಡೆಸಿದ್ದೇವೆ. ನಿನ್ನೆ ಎಣಿಸಿದೆ: 7 ತುಂಬಿದ್ದವು. ಹೊರಗೆ ನಿಂತಿದ್ದ ಬೈಕುಗಳು 16.