ನಗೆಯ ಕನ್ನಡಿಯಲ್ಲಿ ಕನ್ಯಾಶುಲ್ಕ

ಮುಖದ ಮೇಲಿನ ಮಸಿಯನ್ನು ತೋರಿಸಿಕೊಡುವುದು ಕನ್ನಡಿಯ ಕೆಲಸ. ಸಮಾಜದ ಮೇಲಿನ ಮಸಿಯನ್ನು ತೋರಿಸಿಕೊಡುವುದು ಒಳ್ಳೆಯ ಪ್ರಹಸನದ ಕೆಲಸ. ಬೈದು ಹೇಳಿದರೆ ಮುನಿಯುವ ಜನ, ನಗಿಸಿ ಹೇಳಿದರೆ ತಮ್ಮ ತಪ್ಪನ್ನು ತಾವೇ ಕಂಡುಕೊಳ್ಳುತ್ತಾರೆ. ತೆಲುಗು ಸಾಹಿತ್ಯದಲ್ಲಿ ಅಂತಹ ಕನ್ನಡಿಯಾಗಿ ನಿಂತ ನಾಟಕ ‘ಕನ್ಯಾಶುಲ್ಕಂ’. ಗುರಜಾಡ ಅಪ್ಪಾರಾವ್ (1862–1915) ಅವರು ರಚಿಸಿದ ಈ ಕೃತಿಯು 1892ರಲ್ಲಿ ವಿಜಯನಗರಂ ಪಟ್ಟಣದಲ್ಲಿ ಮೊದಲ ಬಾರಿಗೆ ರಂಗವನ್ನೇರಿತು. ಇದು ಹಂಪೆಯ ವಿಜಯನಗರವಲ್ಲ. ಆಂಧ್ರದ ಪೂರ್ವ ಕರಾವಳಿಗೆ ಸಮೀಪದಲ್ಲಿದ್ದ ಒಂದು ಸಂಸ್ಥಾನದ ರಾಜಧಾನಿ. ನಾಟಕವು 1897ರಲ್ಲಿ ಅಚ್ಚಾಗಿ, 1909ರಲ್ಲಿ ವಿಸ್ತಾರಗೊಂಡು ಇಂದು ಪ್ರಸಿದ್ಧವಾಗಿರುವ ರೂಪವನ್ನು ಪಡೆಯಿತು.

ವರನ ಕಡೆಯವರು ಹೆಣ್ಣಿನ ತಂದೆಗೆ ಹಣ ತೆತ್ತು ಹೆಣ್ಣನ್ನು ತರುವ ಪದ್ಧತಿಗೆ ಕನ್ನಡದಲ್ಲಿ ‘ತೆರ’ ಎನ್ನುತ್ತಾರೆ, ಕನ್ಯಾಶುಲ್ಕವೆಂದರೂ ಅದೇ. ಹಣವುಳ್ಳ ಮುದುಕರಿಗೆ ಎಳೆಯ ಹುಡುಗಿಯರನ್ನು ಕೊಡುವುದಕ್ಕೆ ಇದು ದಾರಿಯಾಯಿತು. ವಿಜಯನಗರಂ ಮಹಾರಾಜರಾದ ಆನಂದ ಗಜಪತಿಯವರು ವಿಶಾಖಪಟ್ಟಣ ಜಿಲ್ಲೆಯಲ್ಲಿ ಮೂರು ವರ್ಷಗಳ ಅವಧಿಯೊಳಗೆ ಬ್ರಾಹ್ಮಣ ಕುಟುಂಬಗಳಲ್ಲಿ ನಡೆದ ಇಂತಹ ಮದುವೆಗಳ ಪಟ್ಟಿಯನ್ನು ಮಾಡಿಸಿದರು. ಅದರಲ್ಲಿ 1034 ಮದುವೆಗಳು ದಾಖಲಾದವು. ವಧುಗಳಲ್ಲಿ 99 ಮಂದಿ ಐದು ವರ್ಷದವರು. ಮೂವರಂತೂ ಒಂದೇ ವರ್ಷದ ಕೂಸುಗಳು! ತೊಟ್ಟಿಲಲ್ಲಿರಬೇಕಾದ ಮಗುವನ್ನು ಹಸೆಮಣೆಯ ಮೇಲೆ ಕೂರಿಸಿದ ಆ ಕಾಲದ ಕ್ರೌರ್ಯವನ್ನು ಅಪ್ಪಾರಾವ್ ಅವರು ನಗೆನಾಟಕದ ವಸ್ತುವಾಗಿ ಆರಿಸಿಕೊಂಡರು.

ಅಗ್ನಿಹೋತ್ರಾವಧಾನಿಗಳು ಒಂದು ಅಗ್ರಹಾರದ ಗೃಹಸ್ಥರು, ಶೀಘ್ರಕೋಪಿ, ವ್ಯಾಜ್ಯಪ್ರಿಯ. ಅವರ ಹಿರಿಯ ಮಗಳು ಬುಚ್ಚಮ್ಮ ಹಣಕ್ಕಾಗಿ ಮುದುಕನೊಬ್ಬನ ಕೈಹಿಡಿದು ಚಿಕ್ಕ ವಯಸ್ಸಿನಲ್ಲಿಯೇ ವಿಧವೆಯಾಗಿ ತವರು ಸೇರಿದ್ದಾಳೆ. ಅದನ್ನು ಕಣ್ಣಾರೆ ಕಂಡಿದ್ದರೂ ತಂದೆಯು ಕಿರಿಯ ಮಗಳಾದ ಸುಬ್ಬಿಯನ್ನು ಲುಬ್ಧಾವಧಾನಿ ಎಂಬ ಮುದಿ ಜಿಪುಣನಿಗೆ ಕೊಡಲು ನಿಶ್ಚಯಿಸುತ್ತಾನೆ. ತಾಯಿ ವೆಂಕಮ್ಮನ ಕಣ್ಣೀರಿಗೆ ಆ ಮನೆಯಲ್ಲಿ ಬೆಲೆಯಿಲ್ಲ. ಆಗ ಆಕೆಯ ಅಣ್ಣನಾದ ಕರಟಕಶಾಸ್ತ್ರಿ ಒಂದು ಉಪಾಯವನ್ನು ಹೂಡುತ್ತಾನೆ. ನಾಟಕದಲ್ಲಿ ವಿದೂಷಕನ ಪಾತ್ರ ವಹಿಸುವ ಅವನು ತನ್ನ ಶಿಷ್ಯನಾದ ಹುಡುಗನಿಗೆ ಸೀರೆ ಉಡಿಸಿ, ಮಗಳೆಂದು ಹೇಳಿ, ಕಡಿಮೆ ತೆರಕ್ಕೆ ಅದೇ ಲುಬ್ಧಾವಧಾನಿಗೆ ಮದುವೆ ಮಾಡಿಸಿಬಿಡುತ್ತಾನೆ! ಮುಂದೆ ‘ವಧು’ ಮನೆಯಿಂದ ಮಾಯವಾದಾಗ ಮುದುಕನ ಮೇಲೆ ಕೊಲೆಯ ಆರೋಪವೇ ಬರುತ್ತದೆ.

ಈ ಪ್ರಸಂಗವನ್ನು ನೋಡಿ ನಗದವರಿಲ್ಲ. ಆದರೆ ನಕ್ಕು ಮುಗಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ: ಇಷ್ಟು ದೊಡ್ಡ ಮೋಸ ಹೇಗೆ ನಡೆಯಿತು? ಕೊಳ್ಳುವವನು ಬೆಲೆಯನ್ನು ನೋಡಿದನೇ ಹೊರತು ಎದುರಿಗೆ ನಿಂತ ಜೀವವನ್ನು ನೋಡಲಿಲ್ಲ. ಸಂತೆಯಲ್ಲಿ ದನವನ್ನು ಕೊಳ್ಳುವವನೂ ಹಲ್ಲು ಹಿಡಿದು ನೋಡುತ್ತಾನೆ. ಇಲ್ಲಿ ಅಷ್ಟು ಎಚ್ಚರವೂ ಇಲ್ಲ. ಸುಬ್ಬಿಯನ್ನಂತೂ ‘ಮಗೂ, ನಿನಗೆ ಇದು ಒಪ್ಪಿಗೆಯೆ?’ ಎಂದು ಕೇಳಬೇಕೆಂದು ತಂದೆಗೆ ಹೊಳೆಯುವುದೇ ಇಲ್ಲ. ಮದುವೆಯು ವ್ಯಾಪಾರವಾದಾಗ ಅದರ ಭಾಷೆಯೂ ವ್ಯಾಪಾರದ ಭಾಷೆಯಾಗುತ್ತದೆ. ಬಾಂಧವ್ಯದ ಮಾತು ಹೋಗಿ ದಲ್ಲಾಳಿಯ ಮಾತು ಬರುತ್ತದೆ.

ಹಾಗೆಂದು ಸುಧಾರಣೆಯ ಮಾತನ್ನಾಡುವವರೆಲ್ಲರೂ ಸಜ್ಜನರೆಂದು ನಾಟಕಕಾರರು ನಂಬುವುದಿಲ್ಲ. ಗಿರೀಶಂ ಎಂಬ ಹರಟೆಮಲ್ಲನ ಬಾಯಲ್ಲಿ ಇಂಗ್ಲಿಷ್ ಪದಗಳು ಅರಳು ಹುರಿದಂತೆ ಸಿಡಿಯುತ್ತವೆ. ಊರಲ್ಲಿ ಸಾಲ ಮಾಡಿ ತಲೆತಪ್ಪಿಸಿಕೊಂಡ ಅವನು ಪಾಠ ಹೇಳುವ ನೆಪದಿಂದ ಅವಧಾನಿಗಳ ಮನೆಯನ್ನು ಸೇರುತ್ತಾನೆ. ವಿಧವಾವಿವಾಹವನ್ನು ಹೊಗಳಿ ಮುಗ್ಧೆಯಾದ ಬುಚ್ಚಮ್ಮನನ್ನು ಮರುಳುಗೊಳಿಸುತ್ತಾನೆ. ಅವನ ಮಾತು ಹೊಸದು, ಮನಸ್ಸು ಮಾತ್ರ ಹಳೆಯದು. ಇದಕ್ಕೆ ತದ್ವಿರುದ್ಧವಾಗಿ ನಿಲ್ಲುವವಳು ಮಧುರವಾಣಿ. ಆಕೆ ಗಣಿಕೆ, ಮದುವೆಯ ಮಂಟಪದಿಂದ ಸಮಾಜವು ದೂರವಿರಿಸಿದ ಹೆಣ್ಣು. ಆದರೂ ಸುಬ್ಬಿಯನ್ನು ಉಳಿಸಲು ಕರಟಕಶಾಸ್ತ್ರಿಗೆ ನೆರವಾಗುವವಳು ಆಕೆಯೇ. ಗಣಿಕೆಯರ ಮುಖವನ್ನೂ ನೋಡಬಯಸದ ವಕೀಲ ಸೌಜನ್ಯರಾಯರ ಬಳಿಗೆ ಗಂಡುವೇಷದಲ್ಲಿ ಹೋಗಿ, ನಿಜವನ್ನು ತಿಳಿಸಿ, ನಿರಪರಾಧಿಯಾದ ಮುದುಕನನ್ನು ಪಾರುಮಾಡುವವಳೂ ಆಕೆಯೇ. ಕೊನೆಗೆ ಗಿರೀಶಂನ ಬಣ್ಣ ಬಯಲಾಗುತ್ತದೆ. ಬುಚ್ಚಮ್ಮ ಪುಣೆಯ ವಿಧವಾಶ್ರಮವನ್ನು ಸೇರುತ್ತಾಳೆ.

ಅಪ್ಪಾರಾವ್ ಅವರು ಈ ಕಥೆಯನ್ನು ಗ್ರಾಂಥಿಕ ಭಾಷೆಯಲ್ಲಿ ಬರೆಯಲಿಲ್ಲ. ಅಗ್ರಹಾರದ ಜಗುಲಿಯಲ್ಲಿ, ಅಡುಗೆಮನೆಯಲ್ಲಿ, ಬೀದಿಯಲ್ಲಿ ಜನ ಆಡುವ ತೆಲುಗನ್ನೇ ರಂಗಕ್ಕೆ ತಂದರು. ಪಂಡಿತರ ಭಾಷೆಯಲ್ಲಿ ಹೇಳಿದ್ದರೆ ಚೌಕಾಶಿಯೂ ಶಾಸ್ತ್ರದಂತೆ ಕೇಳಿಸುತ್ತಿತ್ತೋ ಏನೋ! ಆಡುಮಾತಿನಲ್ಲಿ ಅದರ ಬೆತ್ತಲೆ ರೂಪ ಕಾಣಿಸಿತು. ಇದಕ್ಕೂ ಮೊದಲು, 1887ರಲ್ಲಿಯೇ, ಕನ್ನಡದಲ್ಲಿ ಸೂರಿ ವೆಂಕಟರಮಣ ಶಾಸ್ತ್ರಿಗಳು ‘ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ’ವನ್ನು ರಚಿಸಿದ್ದರು. ಅದರ ವಸ್ತುವೂ ಕನ್ಯಾವಿಕ್ರಯವೇ. ಅದರಲ್ಲಿಯೂ ಹವ್ಯಕರ ಆಡುಮಾತು ಜೀವಂತವಾಗಿದೆ. ಭಾಷೆ ಬೇರೆ, ಸೀಮೆ ಬೇರೆ, ನೋವು ಒಂದೇ.

ಕನ್ಯಾಶುಲ್ಕದ ಆ ಕಾಲ ಹಿಂದೆ ಸರಿಯಿತು. ಆದರೆ ಹೆಣ್ಣಿನ ತಂದೆ ಕೈಚಾಚುತ್ತಿದ್ದ ಅನೇಕ ಮನೆತನಗಳಲ್ಲಿ ಮುಂದೆ ಗಂಡಿನ ತಂದೆ ಕೈಚಾಚತೊಡಗಿದನು. 1961ರಲ್ಲಿ ವರದಕ್ಷಿಣೆ ನಿಷೇಧ ಕಾಯಿದೆ ಬಂದರೂ ಆ ಚಾಚಿದ ಕೈ ಪೂರ್ತಿಯಾಗಿ ಹಿಂದೆ ಸರಿದಿಲ್ಲ. ತಕ್ಕಡಿಯ ತಟ್ಟೆ ಬದಲಾಯಿತು, ತಕ್ಕಡಿ ಹಾಗೆಯೇ ಉಳಿಯಿತು. ಮದುವೆಯ ಮಾತುಕತೆಯಲ್ಲಿ ‘ಎಷ್ಟು?’ ಎಂಬ ಪ್ರಶ್ನೆ ಮೊದಲು ಕೇಳಿಬಂದು, ‘ಮಗೂ, ನಿನಗೆ ಒಪ್ಪಿಗೆಯೆ?’ ಎಂಬ ಪ್ರಶ್ನೆ ಮರೆತುಹೋಗುವ ಮನೆ ಎಲ್ಲಿಯವರೆಗೆ ಇರುವುದೋ ಅಲ್ಲಿಯವರೆಗೆ ಅಪ್ಪಾರಾವ್ ಅವರ ಕನ್ನಡಿಗೆ ಕೆಲಸ ತಪ್ಪುವುದಿಲ್ಲ.